‘ರೆಡ್’: ಎಲ್‌ಪಿ ತಗೊಳ್ಳೋದಾ, ಸಿಡಿ ಸಾಕಾ?

ತಿಂಗಳಿಗೆ ಎರಡು ಶನಿವಾರ ಸಂಜೆ ಮೈಸೂರಿನ ನಮ್ಮ ಮನೆ ಹಾಲ್‌ನಲ್ಲಿ ಮೂರು ಜನ ಸೇರುತ್ತೇವೆ. ನಾನು ಹೈಸ್ಕೂಲಿನ ಗಣಿತ ಮೇಷ್ಟ್ರು. ಇನ್ನೊಬ್ಬ ನಮ್ಮ ರಸ್ತೆ ಕೊನೆಯಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಗೆಳೆಯ. ಮೂರನೆಯವಳು ಸಾಫ್ಟ್‌ವೇರ್ ಕೆಲಸದ ಹುಡುಗಿ, ನನ್ನ ಹಳೇ ವಿದ್ಯಾರ್ಥಿನಿ. ಈ ಹದಿನೈದು ದಿನದಲ್ಲಿ ಯಾವ ಆಲ್ಬಂ ಜಾಸ್ತಿ ಕೇಳಿದೆವೋ ಅದನ್ನು ಒಬ್ಬೊಬ್ಬರೂ ತರಬೇಕು. ನಿಯಮ ಎರಡೇ. ಪ್ರೋಗ್ರೆಸಿವ್ ರಾಕ್ (ಉದ್ದುದ್ದ ಹಾಡು, ವಿಚಿತ್ರ ಎಣಿಕೆಯ ರಾಕ್ ಸಂಗೀತ) ಆಗಿರಬೇಕು, ಹಾಡಿನ ಮಧ್ಯೆ ಯಾರೂ ಮಾತಾಡಬಾರದು. ಎರಡನೇ ನಿಯಮ ಮುರಿಯುವ ಹಕ್ಕು ನಮ್ಮ ಅತ್ತೆಗೆ ಮಾತ್ರ ಉಂಟು. ಅಪ್ಪನ ತಂಗಿ. ನಲವತ್ತು ವರ್ಷ ಮನೆಯಲ್ಲೇ ಮಕ್ಕಳಿಗೆ ಸಂಗೀತ ಪಾಠ ಹೇಳಿದವರು, ಈಗ ನಮ್ಮ ಜೊತೆ ಇದ್ದಾರೆ.

ಈ ಸಲ ನಾನು ಹಾಕಿದ್ದು ಕಿಂಗ್ ಕ್ರಿಮ್ಸನ್ ಅನ್ನೋ ಇಂಗ್ಲಿಷ್ ಬ್ಯಾಂಡಿನ ‘ರೆಡ್’. 1974ರ ಆಲ್ಬಂ, ಐದೇ ಟ್ರ್ಯಾಕು, ಒಟ್ಟು 40 ನಿಮಿಷ. ಇದರ ಜೊತೆ ನನಗೊಂದು ಹಳೇ ಲೆಕ್ಕ ಬಾಕಿ ಇತ್ತು. ಕಾಲೇಜಿನಲ್ಲಿ ಹಾಸ್ಟೆಲ್ ಗೆಳೆಯನೊಬ್ಬ ಇದನ್ನು 90 ನಿಮಿಷದ ಕ್ಯಾಸೆಟ್‌ಗೆ ತುಂಬಿಸಿ ಕೊಟ್ಟಿದ್ದ. ಒಂದು ಸೈಡಿಗೆ 45 ನಿಮಿಷ. ಅದರಲ್ಲಿ ಮೊದಲೇ ಬೇರೆ ಎರಡು ಹಾಡು ಹಾಕಿಬಿಟ್ಟಿದ್ದ, ಮಹಾನುಭಾವ. ಹಾಗಾಗಿ ಕೊನೇ ಹಾಡು ‘ಸ್ಟಾರ್‌ಲೆಸ್’ ಸ್ಯಾಕ್ಸೊಫೋನ್ ಅಬ್ಬರದ ನಡುವೆಯೇ ಟಕ್ ಅಂತ ನಿಂತುಹೋಗುತ್ತಿತ್ತು. ಆ ಹಾಡು ಇರೋದೇ ಹಾಗೆ ಅಂತ ನಾನು ಆರು ವರ್ಷ ನಂಬಿಕೊಂಡಿದ್ದೆ. ಪ್ರೋಗ್ರೆಸಿವ್ ಅಲ್ವಾ, ಹೀಗೂ ಮುಗಿಸ್ತಾರೇನೋ ಅಂತ.

ಅದಕ್ಕೇ ಈಗ ದುಡ್ಡು ಒಟ್ಟು ಮಾಡಿ ಎಲ್‌ಪಿ, ಅಂದರೆ ಸೂಜಿ ಇಟ್ಟು ಕೇಳುವ ದೊಡ್ಡ ಪ್ಲೇಟು, ತರಿಸಿದೆ. 200 ಗ್ರಾಂ ತೂಕದ ಮರುಮುದ್ರಣ. ಮಾಮೂಲಿ ಎಲ್‌ಪಿ 140 ಗ್ರಾಂ ಆಸುಪಾಸು ಇರುತ್ತೆ, ಇದು ಕೈಗೆತ್ತಿಕೊಂಡರೆ ದೋಸೆ ಕಾವಲಿ ಹಿಡಿದ ಹಾಗೆ. ಬೆಲೆ ಮೂರು ಸಾವಿರದ ಮೇಲೆ ಚಿಲ್ಲರೆ. ಕವರಿನ ಒಂದು ಮೂಲೆ ಜಜ್ಜಿಹೋಗಿತ್ತು. ಕಳಿಸಿದವರಿಗೆ ಫೋಟೊ ಹಾಕಿದೆ, ಉತ್ತರ ಬರಲಿಲ್ಲ. ಹೋಗಲಿ. ಪ್ಲೇಟಿಗೆ ಏನೂ ಆಗಿರಲಿಲ್ಲ.

ಕವರಿನ ಮೇಲೆ ಮೂರು ಮುಖ, ಅರ್ಧ ಕತ್ತಲಲ್ಲಿ. ಗಿಟಾರಿನ ರಾಬರ್ಟ್ ಫ್ರಿಪ್, ಬೇಸ್ ನುಡಿಸಿ ಹಾಡುವ ಜಾನ್ ವೆಟ್ಟನ್, ಡ್ರಮ್ಸ್‌ಗೆ ಬಿಲ್ ಬ್ರೂಫರ್ಡ್. ಹಿಂದುಗಡೆ ಒಂದು ಮೀಟರ್, ಅದರ ಮುಳ್ಳು ಕೆಂಪಿಗೆ ಹೋಗಿ ನಿಂತಿದೆ. ಸದ್ದು ಮಿತಿ ಮೀರಿದೆ ಅನ್ನೋದಕ್ಕೆ ಇದಕ್ಕಿಂತ ಚಿಕ್ಕ ವಿವರಣೆ ಬೇಡ. ಪಿಟೀಲು ನುಡಿಸುತ್ತಿದ್ದ ಡೇವಿಡ್ ಕ್ರಾಸ್ ಅಷ್ಟೊತ್ತಿಗೆ ಬ್ಯಾಂಡ್ ಬಿಟ್ಟಿದ್ದರು. 1974ರ ಬೇಸಿಗೆಯಲ್ಲಿ ಲಂಡನ್‌ನ ಒಲಿಂಪಿಕ್ ಸ್ಟುಡಿಯೊದಲ್ಲಿ ಉಳಿದ ಮೂವರು ಇದನ್ನು ರೆಕಾರ್ಡ್ ಮಾಡಿದರು. ಅಕ್ಟೋಬರ್‌ನಲ್ಲಿ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ, ಬ್ಯಾಂಡೇ ಮುಗಿಯಿತು ಅಂತ ಫ್ರಿಪ್ ಹೇಳಿಯಾಗಿತ್ತು. ಇಂಥ ಸರಕು ಕೈಯಲ್ಲಿಟ್ಟುಕೊಂಡು ಅಂಗಡಿ ಬಾಗಿಲು ಹಾಕಿದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಮೊದಲ ಸೈಡ್ ಎಲ್‌ಪಿಯಲ್ಲಿ ಅದ್ಭುತ. ಹೆಸರಿನ ಹಾಡು ‘ರೆಡ್’ನಲ್ಲಿ ಮಾತೇ ಇಲ್ಲ, ಆರು ನಿಮಿಷ ಬರೀ ವಾದ್ಯ. ವೆಟ್ಟನ್‌ರ ಬೇಸ್ ನಮ್ಮ ಟೀಪಾಯಿ ಮೇಲಿದ್ದ ಸ್ಟೀಲ್ ಲೋಟವನ್ನು ಸಣ್ಣಗೆ ನಡುಗಿಸಿತು. ‘ಫಾಲನ್ ಏಂಜಲ್’ ಚೆನ್ನಾಗಿದೆ, ಅಷ್ಟೇ. ಮೂರನೆಯದು ‘ಒನ್ ಮೋರ್ ರೆಡ್ ನೈಟ್‌ಮೇರ್’. ವಿಮಾನ ಬೀಳುವ ಕನಸು ಕಂಡವನು ಎದ್ದು ನೋಡಿದರೆ ಬಸ್ಸಿನಲ್ಲಿ ಕೂತಿರುತ್ತಾನೆ. ಇದರಲ್ಲಿ ಬ್ರೂಫರ್ಡ್ ಹೊಡೆಯುವ ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ) ಒಂದು ಥರಾ ಒಡಕು ತಗಡಿನ ಸದ್ದು ಮಾಡುತ್ತೆ. ರಿಹರ್ಸಲ್ ಜಾಗದ ಕಸದಲ್ಲಿ ಸಿಕ್ಕಿದ, ಯಾರೋ ಬಿಸಾಕಿದ್ದ ಸಿಂಬಲ್ ಅದು. ಕ್ಯಾಸೆಟ್ಟಿನಲ್ಲಿ ಕೇಳುವಾಗ ನಮ್ಮ ಟೇಪ್‌ರೆಕಾರ್ಡರೇ ಕೆಟ್ಟಿದೆ ಅಂದುಕೊಂಡಿದ್ದೆ. ಎಲ್‌ಪಿಯಲ್ಲಿ ಆ ತಗಡಿನ ಅಂಚು ಬಡಿದು, ಸದ್ದು ತಟ್ಟನೆ ಸಾಯುವುದು ಬೇರೆ ಬೇರೆಯಾಗಿ ಕೇಳುತ್ತೆ. ಮೆಡಿಕಲ್ ಶಾಪ್ ಗೆಳೆಯ ಸಿಂಬಲ್‌ಗಾಗಿಯೇ ಇನ್ನೊಂದು ಸಲ ಹಾಕಿಸಿದ.

ಎರಡನೇ ಸೈಡ್ ಶುರುವಾಗುವುದು ‘ಪ್ರಾವಿಡೆನ್ಸ್’ ಇಂದ. ಅಮೆರಿಕದ ಆ ಹೆಸರಿನ ಊರಲ್ಲಿ ವೇದಿಕೆ ಮೇಲೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸಿದ್ದು, ಎಂಟು ನಿಮಿಷ. ಕ್ರಾಸ್ ಬ್ಯಾಂಡ್ ಬಿಡುವ ಮುಂಚಿನದು, ಹಾಗಾಗಿ ಅವರ ಪಿಟೀಲು ಇದೆ. ನಿಜ ಹೇಳಬೇಕೆಂದರೆ ಇದರಲ್ಲಿ ನಾಲ್ಕು ನಿಮಿಷ ನನಗೆ ಬೋರು. ಅಡುಗೆಮನೆಗೆ ಹೋಗಿ ಕಾಫಿಗೆ ಹಾಲು ಇಟ್ಟು ಬಂದೆ.

ಆಮೇಲೆ ‘ಸ್ಟಾರ್‌ಲೆಸ್’. ಹನ್ನೆರಡು ನಿಮಿಷ 18 ಸೆಕೆಂಡು. ಮೊದಲ ನಾಲ್ಕು ನಿಮಿಷ ಮೆಲೊಟ್ರಾನ್ ಹಿಂದೆ ಹರಡಿಕೊಂಡಿರುತ್ತೆ. ಪಿಟೀಲು ಮೇಳದಂಥ ಸದ್ದನ್ನು ಟೇಪಿನಿಂದ ಹೊರಡಿಸುವ ಕೀಬೋರ್ಡು ಅದು. ವೆಟ್ಟನ್ ಬೇಸರದ ದನಿಯಲ್ಲಿ ಹಾಡುತ್ತಾರೆ. ಹಾಡುವುದು ಮುಗಿದ ಮೇಲೆ ಬೇಸ್ ಒಂದೇ ಕೆಳಸ್ತರದ ನಡೆ ಹಿಡಿದು ನಡೆಯೋಕೆ ಶುರು ಮಾಡುತ್ತೆ. ಅದರ ಮೇಲೆ ಫ್ರಿಪ್ ಒಂದೇ ಸ್ವರ, ಎರಡು ತಂತಿಯ ಮೇಲೆ, ಮತ್ತೆ ಮತ್ತೆ. ಬಹಳ ಹೊತ್ತಾದ ಮೇಲೆ ಸ್ವಲ್ಪ ಮೇಲೆ. ಮತ್ತೆ ಅಲ್ಲೇ.

ಅತ್ತೆ ಬಂದು ದಿವಾನದ ಮೇಲೆ ಕೂತರು.

“ಇದೇನೋ, ಒಂದೇ ಸ್ವರ ಹಿಡ್ಕೊಂಡು ಕೂತಿದಾನೆ. ಪಾಠ ಮರೆತೋಯ್ತಾ?”

“ಎಣಿಸಿ ನೋಡಿ ಅತ್ತೆ” ಅಂದೆ, ನಿಯಮ ಮುರಿದು.

ಅವರ ಬಲಗೈ ತೊಡೆಗೆ ಬಂತು. ಮೊದಲು ಎಂಟೆಣಿಕೆಯ ಆದಿತಾಳ ಹಾಕಿ ನೋಡಿದರು, ಮುಂದೆ ಹೋಗಿಬಿಟ್ಟಿತು. ಮುಖ ಗಂಟಿಕ್ಕಿದರು. ಎರಡು ಸುತ್ತು ಬರೀ ಬೆರಳಲ್ಲಿ ಎಣಿಸಿದರು. ಮೂರನೇ ಸುತ್ತಿಗೆ ಒಂದು ಪೆಟ್ಟು, ಕಿರುಬೆರಳಿಂದ ಹೆಬ್ಬೆರಳಿಗೆ, ಮತ್ತೆ ಕಿರುಬೆರಳಿಂದ ನಡುಬೆರಳಿಗೆ. ಒಂಬತ್ತಾಯಿತು. ಆಮೇಲೆ ಪೆಟ್ಟು, ಹುಸಿ. ಪೆಟ್ಟು, ಹುಸಿ. ಹದಿಮೂರು. ಸರಿಯಾಗಿ ಬೇಸ್ ಮೊದಲಿನ ಜಾಗಕ್ಕೆ ಬಂದು ಸೇರಿತು.

“ಸಂಕೀರ್ಣ ಜಾತಿ ತ್ರಿಪುಟ” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಎಣಿಕೆ ಕೂಡುತ್ತೆ ಕಣೋ, ಒತ್ತು ಮಾತ್ರ ನಮ್ಮ ಥರ ಬೀಳ್ತಾ ಇಲ್ಲ.”

ಸಾಫ್ಟ್‌ವೇರ್ ಹುಡುಗಿ ಫೋನ್ ಕೆಳಗಿಟ್ಟು ಅವರ ಕೈಯನ್ನೇ ನೋಡುತ್ತಿದ್ದಳು. ಫ್ರಿಪ್‌ರ ಸ್ವರ ಏರುತ್ತಾ ಹೋಯಿತು, ಬ್ರೂಫರ್ಡ್ ಅಲ್ಲೊಂದು ಇಲ್ಲೊಂದು ತಟ್ಟುತ್ತಿದ್ದವರು ಜೋರಾದರು. ಒಂಬತ್ತು ನಿಮಿಷ ದಾಟಿದ ಮೇಲೆ ಅದೇ ಹದಿಮೂರು ಇದ್ದಕ್ಕಿದ್ದ ಹಾಗೆ ದುಪ್ಪಟ್ಟು ವೇಗಕ್ಕೆ ಹಾರುತ್ತೆ, ಸ್ಯಾಕ್ಸೊಫೋನ್ ಮೈಮೇಲೆ ಬಂದಂತೆ ಕಿರುಚುತ್ತೆ. “ಎರಡನೇ ಕಾಲ!” ಅಂದರು ಅತ್ತೆ, ಪಾಠಕ್ಕೆ ಬಂದ ಹುಡುಗನಿಗೆ ಹೇಳಿದ ಹಾಗೆ. ಕೈ ಬಿಡಲಿಲ್ಲ. ಕೊನೆಗೆ ಇಷ್ಟೂ ಗದ್ದಲದ ಮೇಲೆ ಶುರುವಿನ ಆ ಬೇಸರದ ರಾಗ ದೊಡ್ಡದಾಗಿ ವಾಪಸ್ ಬರುತ್ತೆ. ನನ್ನ ಕ್ಯಾಸೆಟ್ಟಿನಲ್ಲಿ ಇಲ್ಲದೇ ಇದ್ದದ್ದು ಇದೇ ಜಾಗ. ನಾಲ್ಕು ನಿಮಿಷಕ್ಕೂ ಜಾಸ್ತಿ ಒಂದೇ ಸ್ವರ ಕೇಳಿಸಿ ಕೂರಿಸಿದ್ದಕ್ಕೆ ಕೊಡುವ ಬಡ್ಡಿ ಅದು. ಅದಿಲ್ಲದೆ ನಾನು ಆರು ವರ್ಷ ಈ ಹಾಡನ್ನು ಹೊಗಳಿದ್ದೆ ಅಂದರೆ ನನ್ನ ಬುದ್ಧಿಗಿಷ್ಟು.

ಈಗ ದೂರಿನ ವಿಷಯ. ಆ ಕೊನೇ ಜಾಗವೇ ನನ್ನ ಎಲ್‌ಪಿಯಲ್ಲಿ ಕೆಟ್ಟದಾಗಿ ಕೇಳಿತು. ಸ್ಯಾಕ್ಸೊಫೋನ್ ತುದಿ ಒರಟಾಗಿ ಸುಟ್ಟ ಹಾಗೆ, ಸಿಂಬಲ್ ಎಲ್ಲ ಸೇರಿ ಒಂದೇ ‘ಸ್ಸ್’. ಸೂಜಿ ಹೋಗಿದೆ ಅಂತ ಬದಲಾಯಿಸಿದೆ. ಸ್ವಲ್ಪ ಸುಧಾರಿಸಿತು, ಪೂರ್ತಿ ಹೋಗಲಿಲ್ಲ. ಮಾರನೇ ದಿನ ಸ್ಕೇಲ್ ಹಿಡಿದು ಕೂತೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಅಂಚಿನ ಹತ್ತಿರ ಆ 1.8 ಸೆಕೆಂಡಿಗೆ ಸೂಜಿ ಸುಮಾರು 90 ಸೆಂಟಿಮೀಟರ್ ಗೆರೆ ಓದುತ್ತೆ. ಒಳಗೆ, ‘ಸ್ಟಾರ್‌ಲೆಸ್’ ಮುಗಿಯುವ ಕಡೆ, 40ರ ಆಸುಪಾಸು. ಸದ್ದು ಹೆಚ್ಚಾಗಿದೆ, ಬರೆಯಲು ಇರುವ ಜಾಗ ಅರ್ಧಕ್ಕೂ ಕಮ್ಮಿ. ಪರೀಕ್ಷೆಯಲ್ಲಿ ಕೊನೇ ಪುಟದಲ್ಲಿ ಹುಡುಗರು ಅಕ್ಷರ ಒತ್ತಿ ಒತ್ತಿ ತುರುಕುತ್ತಾರಲ್ಲ, ಥೇಟ್ ಹಾಗೆ. ಇದು ಪ್ಲೇಟು ತಯಾರಿಸಿದವರ ತಪ್ಪಲ್ಲ, ಎಲ್‌ಪಿ ಅನ್ನೋ ವಸ್ತುವಿನ ಹಣೆಬರಹ. 200 ಗ್ರಾಂ ಇದ್ದರೂ 140 ಇದ್ದರೂ ಒಳಗಿನ ಸುತ್ತು ಚಿಕ್ಕದೇ. ನನಗಿಂತ ಒಳ್ಳೇ ಟರ್ನ್‌ಟೇಬಲ್ ಇರುವವರಿಗೆ ಇಷ್ಟು ಕಾಟ ಆಗದೇ ಇರಬಹುದು.

ಅದೃಷ್ಟಕ್ಕೆ ಸಿಡಿನೂ ಇದೆ. ಬ್ಯಾಂಡಿನ 40 ವರ್ಷದ ನೆಪದಲ್ಲಿ 2009ರಲ್ಲಿ ಬಂದದ್ದು, ಒಂದು ಸಿಡಿ, ಜೊತೆಗೊಂದು ಡಿವಿಡಿ. ಲಂಡನ್‌ನಲ್ಲಿರುವ ನಾದಿನಿ ಮಗ ರಜಕ್ಕೆ ಬರುವಾಗ ತಂದುಕೊಟ್ಟಿದ್ದ. ಅದನ್ನು ಹಾಕಿದೆ. ಬೇಸ್ ಎಲ್‌ಪಿಯಷ್ಟು ಮೈದುಂಬಿಕೊಂಡಿಲ್ಲ, ಲೋಟ ನಡುಗಲಿಲ್ಲ. ಆದರೆ ಕೊನೇ ಎರಡು ನಿಮಿಷ ಪೂರ್ತಿ ನಿಚ್ಚಳ, ಸ್ಯಾಕ್ಸೊಫೋನ್ ಹಿಂದೆ ಮೆಲೊಟ್ರಾನ್ ಕೂಡ ಎದ್ದು ಕೇಳುತ್ತೆ. ‘ಪ್ರಾವಿಡೆನ್ಸ್’ ಕತ್ತರಿಸದ ರೂಪದಲ್ಲೂ ಇದೆ, ಬೇಕಾದವರಿಗೆ. ಡಿವಿಡಿಯಲ್ಲಿ ಸ್ಟೀವನ್ ವಿಲ್ಸನ್ ಮತ್ತು ಫ್ರಿಪ್ ಸೇರಿ ಮಾಡಿದ 5.1 ಮಿಕ್ಸ್, ಅಂದರೆ ಸುತ್ತಲೂ ಆರು ಸ್ಪೀಕರ್ ಇಟ್ಟು ಕೇಳುವಂಥದ್ದು, ಇದೆ. ಅದಕ್ಕೆ ಬೇಕಾದಷ್ಟು ಸ್ಪೀಕರ್ ನಮ್ಮಲ್ಲಿಲ್ಲ. ಆದರೆ ಅದೇ ಡಿವಿಡಿಯಲ್ಲಿ 1974ರ ಮಾರ್ಚ್‌ನಲ್ಲಿ ಫ್ರೆಂಚ್ ಟಿವಿಗೆ ನುಡಿಸಿದ್ದೂ ಇದೆ. ಆಲ್ಬಂ ಬರುವ ಮುಂಚಿನ ‘ಸ್ಟಾರ್‌ಲೆಸ್’, ಕ್ರಾಸ್ ಪಿಟೀಲಿನ ಜೊತೆ. ಅತ್ತೆ ಅದನ್ನು ಎರಡು ಸಲ ನೋಡಿದರು. ಪಿಟೀಲನ್ನು ನಿಂತುಕೊಂಡು ನುಡಿಸೋದು ಅವರಿಗೆ ಸರಿಬರಲಿಲ್ಲ.

ಹಾಗಾಗಿ ಎರಡರಲ್ಲಿ ಒಂದೇ ತಗೊಳ್ಳುವವರಿಗೆ ಸಿಡಿ ಅಂತೀನಿ. ಎಲ್‌ಪಿ ಮೊದಲ ಸೈಡಿಗೆ ಐದಕ್ಕೆ ಐದು, ಎರಡನೇ ಸೈಡಿಗೆ ಮೂರು. ಕವರನ್ನು ಗೋಡೆಗೆ ಹಾಕಬೇಕು ಅನ್ನುವ ಆಸೆ ಇದ್ದರೆ ಅದು ಬೇರೆ ಮಾತು, ನಂದು ಜಜ್ಜಿದ ಮೂಲೆ ಕೆಳಗೆ ಮಾಡಿಕೊಂಡು ಶೆಲ್ಫ್ ಮೇಲೆ ನಿಂತಿದೆ.

ಉಳಿದಿಬ್ಬರ ಆಲ್ಬಂ ಬಗ್ಗೆ ಎರಡು ಮಾತು. ಗೆಳೆಯ ತಂದಿದ್ದು ಕ್ಯಾಮೆಲ್ ಬ್ಯಾಂಡಿನ 1975ರ ‘ದಿ ಸ್ನೋ ಗೂಸ್’. ಒಂದು ಕಥೆಯ ಮೇಲೆ ಕಟ್ಟಿದ್ದು, ಹಾಡುವ ಸಾಹಿತ್ಯ ಇಲ್ಲ. ಕೊಳಲು ಹಿತವಾಗಿದೆ, ಭಾನುವಾರ ಬೆಳಿಗ್ಗೆ ಪೇಪರ್ ಓದುವಾಗ ಸುಮ್ನೆ ಹಾಕಿಡಬಹುದು. ‘ರೆಡ್’ ಆದ ಮೇಲೆ ಕೇಳಿದ್ದರಿಂದ ಸಪ್ಪೆ ಅನಿಸಿರಬಹುದು, ಪಾಪ. ಹುಡುಗಿ ತಂದಿದ್ದು ಪೊರ್ಕುಪೈನ್ ಟ್ರೀ ಬ್ಯಾಂಡಿನ 2007ರ ‘ಫಿಯರ್ ಆಫ್ ಎ ಬ್ಲಾಂಕ್ ಪ್ಲಾನೆಟ್’. ನಮ್ಮ ಡಿವಿಡಿಯ 5.1 ಮಿಕ್ಸ್ ಮಾಡಿದ ಸ್ಟೀವನ್ ವಿಲ್ಸನ್‌ದೇ ಬ್ಯಾಂಡ್. ಒಂದು ಟ್ರ್ಯಾಕಿನಲ್ಲಿ ಫ್ರಿಪ್ ಕೂಡ ನುಡಿಸಿದ್ದಾರೆ, ಇದರ ಡ್ರಮ್ಮರ್ ಗ್ಯಾವಿನ್ ಹ್ಯಾರಿಸನ್ ಆಮೇಲೆ, ಮತ್ತೆ ಶುರುವಾಗಿದ್ದ ಕಿಂಗ್ ಕ್ರಿಮ್ಸನ್‌ಗೇ ಸೇರಿದರು. ನಾವು ಮೂವರೂ ಮಾತಾಡಿಕೊಳ್ಳದೆ ಒಂದೇ ಮನೆತನದ ಎರಡು ಆಲ್ಬಂ ತಂದಿದ್ದೆವು. ಇದಕ್ಕೆ ಇನ್ನೊಂದು ಶನಿವಾರ ಬೇಕು.

ಮುಂದಿನ ಸಲ ಗೆಳೆಯ ಜೆಥ್ರೊ ಟಲ್‌ನ ‘ಥಿಕ್ ಆಸ್ ಎ ಬ್ರಿಕ್’ ತರುತ್ತಾನಂತೆ. ಇಡೀ ಆಲ್ಬಂಗೆ ಒಂದೇ ಹಾಡು, 40 ನಿಮಿಷಕ್ಕೂ ಜಾಸ್ತಿ. ಅತ್ತೆಗೆ ಹೇಳಿದೆ.

“ಮಧ್ಯದಲ್ಲಿ ಕಾಫಿಗೆ ಬಿಡ್ತಾರೋ ಇಲ್ವೋ?”

“ಪ್ಲೇಟು ತಿರುಗಿಸೋವಾಗ ಬಿಡ್ತಾರೆ ಅತ್ತೆ.”

“ಹಾಗಾದ್ರೆ ಅದು ಪ್ಲೇಟಲ್ಲೇ ಇರ್ಲಿ. ಸಿಡಿ ಬೇಡ.”