ಆರು ಗೇಮ್‌ಗೆ ಬಿದ್ದ ಬೀಗ

ಇನ್‌ಸ್ಟಾಗ್ರಾಂನಲ್ಲಿ ‘ಪಿಎಸ್5 ಗೇಮ್ ಬರೀ 1,600, ಲೈಫ್‌ಟೈಮ್ ವಾರಂಟಿ’ ಅಂತ ಮಾರುವವರು ನಿಮ್ಮ ಕಣ್ಣಿಗೂ ಬಿದ್ದಿರಬಹುದು. ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ನಾನು ಆರು ಗೇಮ್ ಕೊಂಡಿದ್ದೆ. ಆರೂ ಹೋದವು.

ಎಡವಟ್ಟು ಶುರುವಾಗಿದ್ದು ಕನ್ಸೋಲ್, ಅಂದರೆ ಟಿವಿಗೆ ಸಿಕ್ಕಿಸಿ ಗೇಮ್ ಆಡುವ ಸೋನಿಯ ಪಿಎಸ್5 (ಪ್ಲೇಸ್ಟೇಷನ್ 5) ಪೆಟ್ಟಿಗೆ, ಕೊಳ್ಳುವಾಗಲೇ. 2021ರಲ್ಲಿ ಡಿಸ್ಕ್ ಮಾಡೆಲ್‌ಗೆ 49,990 ರೂಪಾಯಿ, ಡಿಸ್ಕ್ ಹಾಕುವ ಜಾಗವೇ ಇಲ್ಲದ ಡಿಜಿಟಲ್ ಎಡಿಷನ್‌ಗೆ 39,990. ಹತ್ತು ಸಾವಿರ ಉಳೀತಲ್ಲ ಅಂತ ಬೀಗಿದೆ. ಹೊಸ ಗೇಮ್ ಒಂದಕ್ಕೆ 5,000ದ ಹತ್ತಿರ ಆಗುತ್ತದೆ, ಡಿಸ್ಕ್ ಇದ್ದವರು ಆಡಿ ಮುಗಿಸಿ ಮಾರಿಬಿಡುತ್ತಾರೆ ಅನ್ನುವುದು ಆಗ ತಲೆಗೇ ಹೋಗಲಿಲ್ಲ. ಗೆಳೆಯರು ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ನಿಂದ ಸೆಕೆಂಡ್ ಹ್ಯಾಂಡ್ ಡಿಸ್ಕ್ ತರುತ್ತಿದ್ದರೆ ನಾನು ಸುಮ್ನೆ ನೋಡುತ್ತಾ ಕೂರಬೇಕಿತ್ತು. 2023ರ ಕೊನೆಗೆ ಬಂದ ಸ್ಲಿಮ್ ಮಾಡೆಲ್‌ಗೆ ಡ್ರೈವ್ ಬೇರೆ ಕೊಂಡು ಸಿಕ್ಕಿಸಬಹುದು. ನನ್ನ ಹಳೇ ಪೆಟ್ಟಿಗೆಗೆ ಅದೂ ಇಲ್ಲ.

ಹಾಗಾಗಿ ‘ಪ್ರೈಮರಿ ಅಕೌಂಟ್’ ಗೇಮ್‌ಗೆ ಬಿದ್ದೆ. ಅದು ನಡೆಯುವುದು ಹೀಗೆ. ಮಾರುವವನು ಒಂದು ಅಕೌಂಟ್‌ನಲ್ಲಿ ಗೇಮ್ ಕೊಳ್ಳುತ್ತಾನೆ. ನಿಮಗೆ ಅದರ ಲಾಗಿನ್ ಕೊಡುತ್ತಾನೆ. ನೀವು ನಿಮ್ಮ ಕನ್ಸೋಲ್‌ನಲ್ಲಿ ಆ ಅಕೌಂಟ್‌ನ ‘ಕನ್ಸೋಲ್ ಶೇರಿಂಗ್’ ಆನ್ ಮಾಡಿ, ಗೇಮ್ ಇಳಿಸಿಕೊಂಡು, ನಿಮ್ಮ ಸ್ವಂತ ಐಡಿಯಿಂದ ಆಡುತ್ತೀರಿ. ಅದೇ ಗೇಮನ್ನು ಅವನು ಇನ್ನೊಬ್ಬರಿಗೆ ‘ಸೆಕೆಂಡರಿ’ ಅಂತ ಇನ್ನೂ ಕಮ್ಮಿಗೆ ಮಾರುತ್ತಾನೆ. ಆ ಇನ್ನೊಬ್ಬರು ಅವನ ಅಕೌಂಟ್‌ನಲ್ಲೇ, ನೆಟ್ ಇದ್ದಾಗ ಮಾತ್ರ ಆಡಬೇಕು. ಅಕೌಂಟ್‌ನ ಹಿಡಿತ ಮಾತ್ರ ಯಾವತ್ತೂ ಅವನ ಕೈಯಲ್ಲೇ. ಅವನು ವೆಬ್‌ಸೈಟ್‌ಗೆ ಹೋಗಿ ಎಲ್ಲ ಡಿವೈಸ್‌ಗಳನ್ನೂ ಡೀಆಕ್ಟಿವೇಟ್ ಮಾಡಿದರೆ ನಿಮ್ಮ ಕಥೆ ಮುಗೀತು.

ಒಂದು ಭಾನುವಾರ ಬೆಳಿಗ್ಗೆ ತಮ್ಮ ಕೂಗಿದ. ‘ಅಣ್ಣಾ, ಗೇಮ್ ಮೇಲೆ ಬೀಗ ಬಂದಿದೆ.’ ಹೋಗಿ ನೋಡಿದೆ. ನಿಜಕ್ಕೂ ಐಕಾನ್ ಮೇಲೆ ಪುಟ್ಟ ಬೀಗದ ಗುರುತು. ಮೊದಲು ಒಂದಕ್ಕೆ, ಎರಡು ದಿನದಲ್ಲಿ ಆರಕ್ಕೂ. ನಲವತ್ತು ಗಂಟೆ ಆಡಿದ ಸೇವ್ ಫೈಲ್ (ಆಟ ಎಲ್ಲಿಗೆ ಬಂದಿದೆ ಅನ್ನುವ ದಾಖಲೆ) ನನ್ನ ಐಡಿಯಲ್ಲಿ ಭದ್ರವಾಗಿದೆ, ಗೇಮ್ ತೆರೆಯುತ್ತಿಲ್ಲ. ಸಾಮಾನೆಲ್ಲ ಒಳಗಿದ್ದು, ಬಾಡಿಗೆ ಮನೆಯ ಓನರ್ ಬೀಗ ಬದಲಿಸಿದ ಹಾಗೆ.

ಮೆಸೇಜ್ ಮಾಡಿದರೆ ‘ಬ್ರೋ, ಸರ್ವರ್ ಇಶ್ಯೂ, ನಾಳೆ ಸರಿ ಹೋಗುತ್ತೆ.’ ಮೂರು ದಿನ ಇದೇ ಉತ್ತರ. ನಾಲ್ಕನೇ ದಿನ ಬ್ಲಾಕ್. ಸೋನಿ ಕಂಪನಿಗೆ ದೂರು ಕೊಡೋಣ ಅಂದರೆ, ಅಕೌಂಟ್ ಮಾರಾಟವೇ ನಿಯಮಕ್ಕೆ ವಿರುದ್ಧ. ಯಾವ ಮುಖ ಇಟ್ಟುಕೊಂಡು ಕೇಳುವುದು? ಒಟ್ಟು 9,600 ರೂಪಾಯಿ. ಕನ್ಸೋಲ್‌ನಲ್ಲಿ ಉಳಿಸಿದ ಹತ್ತು ಸಾವಿರ ಹೆಚ್ಚುಕಮ್ಮಿ ಅಲ್ಲಿಗೆ ಜಮಾ.

ಕಂಪನಿಯ ಆನ್‌ಲೈನ್ ಸ್ಟೋರ್‌ನಿಂದಲೇ ನೇರವಾಗಿ ಕೊಂಡರೂ ಸಿಗುವುದು ಲೈಸೆನ್ಸ್, ಅಂದರೆ ಆಡುವ ಅನುಮತಿ ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ‘ಬೈ’ (ಕೊಳ್ಳಿ) ಅಂತ ಬಟನ್ ಇಟ್ಟರೆ ಇದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸಬೇಕು ಅನ್ನೋ ಕಾನೂನೇ ಇದೆ. ಹಾಗಿದ್ದರೂ ನಿಮ್ಮ ಸ್ವಂತ ಅಕೌಂಟ್‌ನಲ್ಲಿ, ಸೇಲ್ ಬಂದಾಗ ಕೊಳ್ಳಿ. ಕೀಲಿ ಕಂಡವರ ಕೈಯಲ್ಲಂತೂ ಇರುವುದಿಲ್ಲ.

ಡಿಸ್ಕ್ ಅಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಅಂತಲೂ ಅಲ್ಲ. 2014ರಲ್ಲಿ ಬಂದ ‘ದಿ ಕ್ರೂ’ ಕಾರ್ ರೇಸಿಂಗ್ ಗೇಮ್‌ಗೆ ಸದಾ ಆನ್‌ಲೈನ್ ಇರಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಇಟ್ಟುಕೊಂಡವರಿಗೂ ಅದು ಈಗ ಕಾಫಿ ಲೋಟದ ಕೆಳಗಿಡಲು ಸರಿ. ನಿಂಟೆಂಡೊ ಸ್ವಿಚ್ 2 ಅನ್ನೋ ಇನ್ನೊಂದು ಕನ್ಸೋಲ್‌ನ ಕೆಲವು ಗೇಮ್‌ಗಳು ‘ಗೇಮ್ ಕೀ ಕಾರ್ಡ್’ ಆಗಿ ಬರುತ್ತವೆ. ಕಾರ್ಡ್ ಕೈಗೆ ಬರುತ್ತದೆ, ಗೇಮ್ ಮಾತ್ರ ನೆಟ್‌ನಿಂದಲೇ ಇಳಿಸಬೇಕು. ಡಬ್ಬಿಯ ಮೇಲೆ ಬರೆದಿರುತ್ತಾರೆ, ತಿರುಗಿಸಿ ಮುರುಗಿಸಿ ನೋಡಿ ತಗೊಳ್ಳಿ.

ಈಗ ನನ್ನ ಹತ್ತಿರ ಡ್ರೈವ್ ಇರುವ ಸ್ಲಿಮ್ ಇದೆ. ಹೋದ ತಿಂಗಳು 1,800ಕ್ಕೆ ತಂದ ಡಿಸ್ಕ್ ಮುಗಿಸಿ, ಆಫೀಸಿನ ಹುಡುಗನಿಗೆ 1,500ಕ್ಕೆ ಕೊಟ್ಟೆ.

ಮೊನ್ನೆ ಇನ್‌ಸ್ಟಾದಲ್ಲಿ ಬೇರೆ ಹೆಸರಿನ ಒಂದು ಪೇಜ್ ಕಂಡಿತು. ಅವೇ ಸ್ಕ್ರೀನ್‌ಶಾಟ್‌ಗಳು, ಅದೇ ‘ಲೈಫ್‌ಟೈಮ್ ವಾರಂಟಿ’. ರೇಟು ಈಗ 1,400.