ಯಾದವಗಿರಿಯ ಯೆಜ್ಡಿ 250: ದೀರ್ಘ ಬಳಕೆಯ ವಿಮರ್ಶೆ

ಮೈಸೂರು, ಮಂಡ್ಯ ಕಡೆ ಹಳೆಯ ಯೆಜ್ಡಿ ಹುಡುಕುವವರು ಒಂದು ಮಾತು ಮೊದಲೇ ತಿಳಿದಿರಬೇಕು. ಶೋರೂಮಿನಲ್ಲಿರುವ ಯೆಜ್ಡಿಗೂ ಮೈಸೂರಿನ ಯಾದವಗಿರಿಯ ಕಾರ್ಖಾನೆಯಿಂದ ಬಂದ ಯೆಜ್ಡಿಗೂ ಇರುವ ನಂಟು ಹೆಸರಿನದು ಮಾತ್ರ. ಹಳೆಯದು ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್. 2022ರ ಜನವರಿಯಲ್ಲಿ ಬಂದ ಹೊಸದು 334 ಸಿಸಿಯ ಫೋರ್-ಸ್ಟ್ರೋಕ್, ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುವಂಥದ್ದು. ಒಂದರ ಪಿಸ್ಟನ್, ಕೇಬಲ್ ಇನ್ನೊಂದಕ್ಕೆ ಆಗುವುದಿಲ್ಲ.

ಹೆಸರು ಕೈ ಬದಲಾಯಿಸಿದ್ದು ಹೀಗೆ. 1929ರಲ್ಲಿ ಪ್ರಾಗ್‌ನ ಯಾನೆಚೆಕ್, ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡ. ಎರಡೂ ಹೆಸರಿನ ಮೊದಲಕ್ಷರಗಳು ಸೇರಿ 'ಜಾವಾ' ಆಯಿತು. ಜಯಚಾಮರಾಜೇಂದ್ರ ಒಡೆಯರ ಹೆಸರಿನ ಅಕ್ಷರಗಳೂ ಅದರಲ್ಲಿವೆ ಎಂದು ಮೈಸೂರಿನವರು ಅಭಿಮಾನದಿಂದ ಹೇಳುವುದುಂಟು. 1961ರಲ್ಲಿ ರುಸ್ತುಂ ಇರಾನಿಯವರ ಐಡಿಯಲ್ ಜಾವಾ ಕಂಪನಿ ಮೈಸೂರಿನಲ್ಲಿ ಜಾವಾ ಬೈಕಿನ ಉತ್ಪಾದನೆ ಶುರುಮಾಡಿತು. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಮಾದರಿ, 1996ರಲ್ಲಿ ಕಾರ್ಖಾನೆಗೆ ಬೀಗ. ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ 2018ರ ನವೆಂಬರ್‌ನಲ್ಲಿ ಜಾವಾವನ್ನು, ಆಮೇಲೆ ಯೆಜ್ಡಿಯನ್ನು ಮತ್ತೆ ತಂದಿತು. ಯೆಜ್ಡಿ ಎಂಬ ಹೆಸರು ಯಾರದು ಎಂಬ ವ್ಯಾಜ್ಯ ಹೈಕೋರ್ಟಿಗೂ ಹೋಯಿತು. 2022ರ ಡಿಸೆಂಬರ್‌ನಲ್ಲಿ ಏಕಸದಸ್ಯ ಪೀಠ ಅದು ಮುಚ್ಚಿದ ಐಡಿಯಲ್ ಜಾವಾ ಕಂಪನಿಯದೇ ಎಂದಿತು, ಅದರ ವಿರುದ್ಧ ಮೇಲ್ಮನವಿ ಸಲ್ಲಿಕೆಯಾಯಿತು. ಹಳೆಯ ಗಾಡಿ ಇಟ್ಟುಕೊಂಡವರಿಗೆ ಇದರಿಂದ ಬಿಡಿಭಾಗವೇನೂ ಹುಟ್ಟುವುದಿಲ್ಲ. ಅಚ್ಚು ಮಾಡಿದ ಕಾರ್ಖಾನೆ ಇಲ್ಲ. ಹಳೆಯ ದಾಸ್ತಾನು, ನಕಲು ಮಾಲು, ಗುಜರಿ ಇವೇ ಗತಿ.

ಇನ್ನು ಗಾಡಿ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್. ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಮೇಲೆತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಗೇರ್. ಗೇರ್ ಹಾಕಲು ಲಿವರ್ ಒತ್ತಿದಾಗ ಕ್ಲಚ್ಚೂ ತಾನಾಗಿ ಬಿಡುತ್ತದೆ. ಹಾಗಾಗಿ ಕ್ಲಚ್ ಅಡ್ಜಸ್ಟ್‌ಮೆಂಟಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು, ಬಿಗಿ ಮಾಡಿದರೆ ಏರಿನಲ್ಲಿ ಕ್ಲಚ್ ಜಾರುತ್ತದೆ. ಬಹಳ ದಿನ ನಿಂತ ಗಾಡಿಯ ಕ್ಲಚ್ ಪ್ಲೇಟುಗಳು ಒಂದಕ್ಕೊಂದು ಅಂಟಿರುತ್ತವೆ. ಮೂರನೇ ಗೇರಿಗೆ ಹಾಕಿ, ಕ್ಲಚ್ ಹಿಡಿದು ಹಿಂದೆ ಮುಂದೆ ನೂಕಿದರೆ ಬಿಡುತ್ತವೆ.

ಆಯಿಲ್ ಲೀಟರಿಗೆ 40 ಮಿಲಿ. 5 ಲೀಟರ್ ಪೆಟ್ರೋಲಿಗೆ 200 ಮಿಲಿ, ಕ್ಯಾನಿನಲ್ಲಿ ಕಲಕಿಯೇ ಟ್ಯಾಂಕಿಗೆ ಸುರಿಯಬೇಕು. ನೇರ ಸುರಿದರೆ ಆಯಿಲ್ ತಳಕ್ಕಿಳಿದು ಕಾಕಿನಲ್ಲಿ (ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿ) ಕೂರುತ್ತದೆ, ಮೊದಲ ಕಿಲೋಮೀಟರಿಗೇ ಪ್ಲಗ್ ಒದ್ದೆ. ಗಾಡಿ ನಿಲ್ಲಿಸಿದ ಕೂಡಲೇ ಕಾಕ್ ಮುಚ್ಚಿ. ಮರೆತರೆ ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ದಾಟಿ ಪೆಟ್ರೋಲ್ ಎಂಜಿನ್ನಿನ ತಳಭಾಗವಾದ ಕ್ರ್ಯಾಂಕ್‌ಕೇಸಿಗೆ ಇಳಿದಿರುತ್ತದೆ, ಬೆಳಿಗ್ಗೆ ಎಷ್ಟು ಒದ್ದರೂ ಏಳುವುದಿಲ್ಲ. ಎಥನಾಲ್ ಬೆರೆತ ಈಗಿನ ಪೆಟ್ರೋಲ್ ನೀರು ಹೀರುತ್ತದೆ, ತುಕ್ಕು ಹಿಡಿಸುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ.

ಈ ಎಂಜಿನ್ನಿನ ಅಸಲಿ ರೋಗವೆಲ್ಲ ಕ್ರ್ಯಾಂಕಿನ ಆಯಿಲ್ ಸೀಲುಗಳಲ್ಲಿದೆ. ಎಡಗಡೆ ಸೀಲ್, ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಪ್ರೈಮರಿ ಚೈನಿನ ಕಡೆಯದು. ಅದು ಹೋದರೆ ಎಂಜಿನ್ ಗೇರ್ ಆಯಿಲನ್ನೇ ಹೀರಿ ಸುಡುತ್ತದೆ. ಎರಡೂ ಸೈಲೆನ್ಸರಿನಲ್ಲಿ ದಟ್ಟ ಹೊಗೆ, ಗೇರ್‌ಬಾಕ್ಸಿನಲ್ಲಿ ಆಯಿಲ್ ಇಳಿಯುತ್ತಾ ಹೋಗುತ್ತದೆ. ಬಲಗಡೆಯದು ಹೋದರೆ ಹೊಗೆ ಇರುವುದಿಲ್ಲ. ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗುತ್ತದೆ. ಇದೇ ಹೆಚ್ಚು ಅಪಾಯ: ಅಲಕ್ಷಿಸಿ ಓಡಿಸಿದರೆ ಪಿಸ್ಟನ್ ಜಾಮ್. ಹೊಗೆಯಿಲ್ಲದ ಗಾಡಿ ಎಂದು ಹೊಗಳಿ ಮಾರುವವರ ಮುಂದೆ ಐಡಲಿಂಗ್ ಕೇಳಿಸಿಕೊಳ್ಳಿ.

ಪ್ಲಗ್ಗಿನ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟಿನ ಗ್ಯಾಪ್ 0.4 ಮಿಮೀ. ಪೇಟೆಯೊಳಗೆ ನಿಧಾನ ಓಡಿಸುವವರು ಸೈಲೆನ್ಸರ್ ಒಳಗೊಳವೆಯ ಕಾರ್ಬನ್ ಕೆರೆಯುತ್ತಿರಬೇಕು, ಅದು ಕಟ್ಟಿದರೆ ಎಂಜಿನ್ ಉಸಿರುಗಟ್ಟುತ್ತದೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ಬೈಕಿಗೆ ಪ್ರವೇಶವಿಲ್ಲ. ಮಂಡ್ಯಕ್ಕೆ ಸರ್ವಿಸ್ ರಸ್ತೆಯೇ. ಈ ಎಂಜಿನ್ನಿಗೆ ಆ ವೇಗ ಸಾಕು.

ಕೊಳ್ಳುವಾಗ ಆರ್‌ಸಿಯಲ್ಲಿರುವ ಚಾಸಿ, ಎಂಜಿನ್ ನಂಬರುಗಳನ್ನು ಗಾಡಿಯ ಮೇಲೆ ಬೆರಳಿಟ್ಟು ಓದಿ. 15 ವರ್ಷದ ನಂತರ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಿದ್ದಾರೆಯೇ ನೋಡಿ. ಆಮೇಲೆ ಚಾಮುಂಡಿ ಬೆಟ್ಟ ಹತ್ತಿಸಿ, ಮೇಲೆ ಐದು ನಿಮಿಷ ನಿಲ್ಲಿಸಿ ಮತ್ತೆ ಕಿಕ್ ಹೊಡೆಯಿರಿ. ತಣ್ಣಗಿದ್ದಾಗ ಒಂದೇ ಕಿಕ್ಕಿಗೆ ಎದ್ದದ್ದು ಬಿಸಿಯಲ್ಲಿ ಏಳದಿದ್ದರೆ ಮೊದಲ ಅನುಮಾನ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮೇಲೆ, ಎರಡನೆಯದು ಇಗ್ನಿಷನ್ ಕಾಯಿಲ್ ಮೇಲೆ.