ಸ್ಕ್ರಮ್ ಅಥವಾ ಕಾನ್ಬಾನ್: ನಿಮ್ಮ ತಂಡಕ್ಕೆ ಯಾವುದು?

ಸ್ಕ್ರಮ್ ಮತ್ತು ಕಾನ್ಬಾನ್, ಸಾಫ್ಟ್‌ವೇರ್ ತಂಡಗಳು ತಮ್ಮ ಕೆಲಸವನ್ನು ಯೋಜಿಸಿ ನಡೆಸುವ ಎರಡು ಪದ್ಧತಿಗಳು. ಹೊಸ ಉತ್ಪನ್ನ ಕಟ್ಟುತ್ತಿರುವ ತಂಡಕ್ಕೆ ನನ್ನ ಸಲಹೆ ಸ್ಕ್ರಮ್. 1995ರಲ್ಲಿ ಕೆನ್ ಶ್ವೇಬರ್ ಮತ್ತು ಜೆಫ್ ಸದರ್‌ಲ್ಯಾಂಡ್ ಮಂಡಿಸಿದ ಈ ಪದ್ಧತಿಯಲ್ಲಿ ಕೆಲಸ ಹೆಚ್ಚೆಂದರೆ ಒಂದು ತಿಂಗಳ ಸ್ಪ್ರಿಂಟ್‌ಗಳಲ್ಲಿ, ಅಂದರೆ ನಿಗದಿತ ಅವಧಿಯ ಸುತ್ತುಗಳಲ್ಲಿ, ಸಾಗುತ್ತದೆ. ಪ್ರತಿ ಸ್ಪ್ರಿಂಟ್‌ನಲ್ಲೂ ಬಳಸಬಹುದಾದ ಏನಾದರೂ ಸಿದ್ಧವಾಗಬೇಕು. ಗುರಿ ಇನ್ನೂ ಮಸುಕಾಗಿರುವಾಗ ಈ ಗಡುವೇ ದೊಡ್ಡ ಆಸರೆ. ಸಭೆಗಳಿಗೆ ಮಾತ್ರ ಸಮಯ ಕೊಡಲೇಬೇಕು.

ದಿನವೂ ದೋಷ, ದೂರು, ತುರ್ತು ಬೇಡಿಕೆಗಳು ಬಂದು ಬೀಳುವ ತಂಡದಲ್ಲಿ ಎರಡು ವಾರದ ಸ್ಪ್ರಿಂಟ್‌ಗೆ ಮಾಡಿದ ಯೋಜನೆ ಬೇಗನೆ ಹಳಸುತ್ತದೆ. ಅಲ್ಲಿ ಟೊಯೋಟಾ ಕಾರ್ಖಾನೆಗಳಲ್ಲಿ ಹುಟ್ಟಿದ ಕಾನ್ಬಾನ್ ಮೇಲು. ಇದರಲ್ಲಿ ಪ್ರತಿ ಕೆಲಸವೂ ಒಂದು ಕಾರ್ಡ್ ಆಗಿ ಬೋರ್ಡಿನ ಕಾಲಮ್‌ಗಳಲ್ಲಿ ಹಂತ ಹಂತವಾಗಿ ಸಾಗುತ್ತದೆ; ಒಂದು ಹಂತದಲ್ಲಿ ಒಮ್ಮೆಗೆ ಎಷ್ಟು ಕಾರ್ಡ್ ಇರಬಹುದು ಎಂಬುದಕ್ಕೆ ಮಿತಿ ಇರುತ್ತದೆ. ಬೋರ್ಡನ್ನು ಎಲ್ಲರೂ ತೂಗುಹಾಕುತ್ತಾರೆ. ಮಿತಿಯನ್ನು ಪಾಲಿಸುವುದೇ ಕಷ್ಟ. ಪರೀಕ್ಷೆಯ ಕಾಲಮ್‌ಗೆ ಮೂರೇ ಕಾರ್ಡ್ ಎಂದು ನಿಗದಿಯಾಗಿದ್ದರೆ, ನಾಲ್ಕನೆಯದನ್ನು ತುರುಕದೆ ಡೆವಲಪರ್‌ಗಳೂ ಪರೀಕ್ಷೆಗೆ ಕೈಜೋಡಿಸಬೇಕು. ಅದಕ್ಕೆ ಒಪ್ಪದ ತಂಡ ದಯವಿಟ್ಟು ಕಾನ್ಬಾನ್ ಆರಿಸಿಕೊಳ್ಳಬಾರದು.